ಓದುಗರು ಕೇಳ್ತಾರೆ: ಸ್ಟೂಲ್ ಹತ್ತಿದ ಆನೆ, ಕತೆಯೊಳಗಿನ ಸರ್ಕಸ್ಸು

ಪ್ರಶ್ನೆ: ಮೇಡಂ ನಮಸ್ಕಾರ. ಮಗಳಿಗೆ ಒಂದು ಸರ್ಕಸ್ ಕತೆ ಓದಿ ಹೇಳ್ತಾ ಇದ್ದೆ, ಅದ್ರಲ್ಲಿ ಆನೆ ಪುಟ್ಟ ಸ್ಟೂಲ್ ಮೇಲೆ ನಾಲ್ಕೂ ಕಾಲಿಟ್ಟು ನಿಂತಿರೋ ಚಿತ್ರ ಇತ್ತು. 'ಅಮ್ಮಾ, ಆನೆಗೆ ಹಾಗೆ ನಿಲ್ಲೋದು ಇಷ್ಟಾನಾ?' ಅಂತ ಕೇಳಿಬಿಟ್ಲು, ನಂಗೆ ಏನ್ ಹೇಳ್ಬೇಕೋ ತೋಚಲಿಲ್ಲ. ಇಂಥ ಕತೆ ಮಕ್ಕಳಿಗೆ ಓದಿಸೋದೇ ಬೇಡ್ವಾ? ದೊಡ್ಡ ಲೇಖಕರು ಯಾರಾದ್ರೂ ಆ ಪ್ರಾಣಿಗಳ ಕಷ್ಟ ಬರೆದಿದಾರಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಇಷ್ಟ ಇಲ್ಲ ಪುಟ್ಟಿ ಅಂತ ನೇರವಾಗೇ ಹೇಳಿಬಿಡಿ ಮೇಡಂ, ಮಕ್ಕಳಿಗೆ ಅದು ಅರ್ಥ ಆಗುತ್ತೆ. ಅಷ್ಟು ಭಾರದ ಪ್ರಾಣಿ ತಾನಾಗಿ ಸ್ಟೂಲ್ ಹತ್ತಲ್ಲ, ತಲೆ ಕೆಳಗೆ ಮಾಡಿ ನಿಲ್ಲಲ್ಲ. ಕಿವಿ ಹಿಂದೆ, ಕಾಲಿನ ಮೆತ್ತಗಿನ ಜಾಗದಲ್ಲಿ ಅಂಕುಶದಿಂದ ಚುಚ್ಚಿ ಚುಚ್ಚಿ ಕಲಿಸ್ತಾರೆ, ಆಮೇಲೆ ಬರೀ ಅಂಕುಶ ಕಂಡ್ರೇ ಸಾಕು, ಅದು ಹೇಳಿದ್ದು ಮಾಡುತ್ತೆ. ಆಟ ಮುಗಿದ್ರೆ ಕಾಲಿಗೆ ಸರಪಳಿ. ಹುಲಿ ಸಿಂಹಗಳಿಗೆ ಹಸಿವು ಮತ್ತೆ ಚಾಟಿ. ನಾವು ಟಿಕೆಟ್ ತಗೊಂಡು ನೋಡೋದು ಕೊನೇ ಐದು ನಿಮಿಷ ಮಾತ್ರ, ಅದನ್ನ ಕಲಿಸಿದ ತಿಂಗಳುಗಳೆಲ್ಲ ಡೇರೆ ಹಿಂದೆ ಕಳೆದುಹೋಗಿರ್ತವೆ. ಹಾಗಾಗಿ ಸರ್ಕಸ್ ಬಗ್ಗೆ ಏನೇ ಓದಿದ್ರೂ ನಾನು ಮೊದಲು ನೋಡೋದು ಈ ಲೇಖಕ ನಮ್ಮನ್ನ ಡೇರೆ ಹಿಂದಕ್ಕೆ ಕರ್ಕೊಂಡು ಹೋಗ್ತಾನಾ ಇಲ್ವಾ ಅಂತ.

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಸ್ವಲ್ಪ ದೂರ ಕರ್ಕೊಂಡು ಹೋಗ್ತಾನೆ. 1854ರ 'ಹಾರ್ಡ್ ಟೈಮ್ಸ್'ನಲ್ಲಿ ಸರ್ಕಸ್‌ನವರು ತುಂಬ ಪ್ರೀತಿಯ ಜನ, ಆದ್ರೂ ಅಲ್ಲೊಂದು ಜಾಗ ಇದೆ, ವಯಸ್ಸಾಗ್ತಿರೋ ಕಲಾವಿದ ಜೂಪ್ ಆಟ ಕೆಟ್ಟ ಬೇಜಾರಲ್ಲಿ ಮನೆಗೆ ಬಂದು ನಾಯಿಗೆ ಎರಡು ಕುರ್ಚಿ ಬೆನ್ನಿನ ಮೇಲೆ ನಿಲ್ಲು ಅಂತಾನೆ, ಅದು ತಕ್ಷಣ ಮಾಡಲ್ಲ, ಚೆನ್ನಾಗಿ ಬಡಿದುಬಿಡ್ತಾನೆ, ಆಮೇಲೆ ಅದನ್ನೇ ತಬ್ಬಿಕೊಂಡು ನೆಲದ ಮೇಲೆ ಬಿದ್ದು ಅಳ್ತಾನೆ, ನಾಯಿ ಅವನ ಮುಖ ನೆಕ್ಕುತ್ತೆ. ಮನುಷ್ಯನ ಸೋಲಿನ ಏಟು ಮೂಕಪ್ರಾಣಿ ಮೇಲೆ ಬೀಳೋದನ್ನ ಇಷ್ಟು ಚಿಕ್ಕದಾಗಿ ಇಷ್ಟು ಸರಿಯಾಗಿ ಹೇಳಿದ್ದು ನಾನು ಬೇರೆ ಕಡೆ ಓದಿಲ್ಲ.

ನಿಮ್ಮ ಮಗಳಿಗೆ ಮೊದಲು ಹೇಳಬೇಕಾದ್ದು ರಷ್ಯಾದ ಕತೆಗಾರ ಚೆಕಾಫ್ 1887ರಲ್ಲಿ ಬರೆದ 'ಕಶ್ತಾಂಕ'. ಬಡಗಿ ಮನೆಯ ನಾಯಿ ಬೀದೀಲಿ ತಪ್ಪಿಸಿಕೊಳ್ಳುತ್ತೆ, ಒಬ್ಬ ಸರ್ಕಸ್ ಜೋಕರ್ ಮನೆಗೆ ಕರ್ಕೊಂಡು ಹೋಗಿ ಹೊಟ್ಟೆ ತುಂಬ ಊಟ ಹಾಕ್ತಾನೆ. ಅಲ್ಲೊಂದು ಹೆಬ್ಬಾತು, ಒಂದು ಬೆಕ್ಕು, ಒಂದು ಹಂದಿ, ಎಲ್ಲವೂ ಆಟ ಕಲಿತವು. ಜೋಕರ್ ಕೆಟ್ಟವನಲ್ಲ, ಯಾವತ್ತೂ ಹೊಡೆಯಲ್ಲ. ಆದ್ರೆ ಕುದುರೆ ತುಳಿದು ಹೆಬ್ಬಾತು ರಾತ್ರಿಯೆಲ್ಲ ನರಳಿ ಸತ್ತುಹೋಗುತ್ತೆ, ಅದರ ಜಾಗಕ್ಕೆ ಈ ನಾಯಿ ಬರುತ್ತೆ, ಆಟ ನಿಲ್ಲಲ್ಲ. ಕೊನೆಗೆ ಮೊದಲ ಪ್ರದರ್ಶನದ ದಿನ ಗ್ಯಾಲರಿಯಿಂದ ಹಳೇ ಯಜಮಾನ ಮತ್ತೆ ಅವನ ಮಗ ಕೂಗ್ತಾರೆ, ನಾಯಿ ಜನರನ್ನೆಲ್ಲ ಹಾರಿಕೊಂಡು ಓಡಿಬಿಡುತ್ತೆ. ಆ ಹುಡುಗ ಮಾಂಸದ ತುಂಡಿಗೆ ದಾರ ಕಟ್ಟಿ ನುಂಗಿಸಿ ಆಮೇಲೆ ಹೊಟ್ಟೆಯಿಂದ ಹೊರಗೆ ಎಳೀತಿದ್ದವನು! ಅಂಥವನ ಹತ್ರಾನೇ ಖುಷಿಯಿಂದ ವಾಪಸ್ ಹೋಗುತ್ತೆ. ಇದನ್ನ ಓದಿಸಿ ಮಗಳು ಏನ್ ಕೇಳ್ತಾಳೆ ನೋಡಿ, ಪ್ರಾಣಿಗೆ ನಮ್ಮ ಮೇಲೆ ಇರೋ ನಂಬಿಕೆ ಎಷ್ಟು ದೊಡ್ಡದು, ಅದನ್ನ ನಾವು ಹೇಗೆ ಬಳಸ್ಕೊಳ್ತೀವಿ ಅಂತ ಅವಳಿಗೇ ಹೊಳೆಯುತ್ತೆ.

ದೊಡ್ಡೋರು ಓದಬೇಕಾದ್ದು ಅಮೆರಿಕದ ಲೇಖಕ ಜಾಕ್ ಲಂಡನ್. ಅವನು 1916ರಲ್ಲಿ ತೀರಿಕೊಂಡ, ಮರುವರ್ಷ 'ಮೈಕೆಲ್, ಬ್ರದರ್ ಆಫ್ ಜೆರ್ರಿ' ಪುಸ್ತಕ ಬಂತು, ಮೈಕೆಲ್ ಅನ್ನೋ ನಾಯಿ ಪ್ರಾಣಿಗಳಿಗೆ ಆಟ ಕಲಿಸೋ ಜಾಗಕ್ಕೆ ಸಿಕ್ಕಿಬಿಡೋ ಕತೆ. ಮುನ್ನುಡಿಯಲ್ಲೇ ಅವನು ಓದುಗರಿಗೆ ಒಂದು ಕೆಲಸ ಕೊಡ್ತಾನೆ, ಪ್ರಾಣಿಗಳ ಆಟ ಶುರುವಾದಾಗ ಎದ್ದು ಹೊರಗೆ ಹೋಗಿ, ಅದು ಮುಗಿದ ಮೇಲೆ ಬನ್ನಿ ಅಂತ. ಇದನ್ನೇ ಹಿಡ್ಕೊಂಡು 1918ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ರಾಣಿದಯಾ ಸಂಘದವರು ಜಾಕ್ ಲಂಡನ್ ಕ್ಲಬ್ ಶುರು ಮಾಡಿದ್ರು. ಅದಕ್ಕೆ ಚಂದಾ ಇರಲಿಲ್ಲ, ಹಾಗೆ ಎದ್ದು ಹೋಗ್ತೀನಿ ಅಂತ ಒಪ್ಪಿಕೊಂಡ್ರೆ ಸದಸ್ಯರು. ಲಕ್ಷಗಟ್ಟಲೆ ಜನ ಸೇರಿದ್ರು. ಕತೆಯಾಗಿ ನೋಡಿದ್ರೆ ಅದು ಅವನ ಒಳ್ಳೇ ಪುಸ್ತಕ ಅಲ್ಲ, ಅಲ್ಲಲ್ಲಿ ಎಳೆದ ಹಾಗಿದೆ, ಆದ್ರೆ ದುಡ್ಡು ಕೊಟ್ಟು ಕೂತು ನೋಡೋರಿಗೂ ಇದರಲ್ಲಿ ಪಾಲಿದೆ ಅಂತ ಮುಖಕ್ಕೆ ಹೇಳಿದ್ದು ಸಣ್ಣ ಮಾತಲ್ಲ.

ಇನ್ನು ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1983ರಲ್ಲಿ ಬರೆದ 'ಎ ಟೈಗರ್ ಫಾರ್ ಮಾಲ್ಗುಡಿ'. ಇಲ್ಲಿ ಹುಲಿಯೇ ತನ್ನ ಕತೆ ಹೇಳುತ್ತೆ. ರಾಜ ಅದರ ಹೆಸರು. ಕಾಡಿಂದ ಹಿಡಿದು ತಂದ ಕ್ಯಾಪ್ಟನ್ ಉಪವಾಸ ಹಾಕಿ ಚಾಟಿ ಬೀಸಿ ಪಳಗಿಸ್ತಾನೆ, ಈ ಮನುಷ್ಯನಿಗೆ ಏನು ಬೇಕು ಅಂತಲೇ ಪಾಪ ಅದಕ್ಕೆ ಗೊತ್ತಾಗಲ್ಲ. ಆ ಅರ್ಥವಾಗದ ಭಯ ಇದೆಯಲ್ಲ, ಅದನ್ನ ಓದುವಾಗ ಏಟಿಗಿಂತ ಜಾಸ್ತಿ ಸಂಕಟ ಆಗುತ್ತೆ. ಕೊನೆಗೆ ಸಿನಿಮಾ ಶೂಟಿಂಗ್‌ನಲ್ಲಿ ತಡೆಯೋಕಾಗದೆ ಕ್ಯಾಪ್ಟನ್‌ನ ಕೊಂದುಬಿಡುತ್ತೆ, ಆಮೇಲೆ ಒಬ್ಬ ಸನ್ಯಾಸಿ ಜೊತೆ ಹೋಗುತ್ತೆ.

ಹಾಗಾಗಿ ಓದಿಸೋದು ಬಿಡಬೇಡಿ ಮೇಡಂ, ಹಳೇ ಪುಸ್ತಕಾನೂ ಬಿಸಾಡಬೇಡಿ, ಪಕ್ಕದಲ್ಲಿ ಕಶ್ತಾಂಕನ್ನೂ ಇಡಿ.

ಪ್ರಶ್ನೆ: ಈಗ ಸರ್ಕಸ್‌ನಲ್ಲಿ ಹುಲಿ ಸಿಂಹ ಯಾಕೆ ಕಾಣಲ್ಲ? ಇದ್ದವೆಲ್ಲ ಎಲ್ಲಿ ಹೋದ್ವು, ಕಾಡಿಗೆ ಬಿಟ್ರಾ?
— ಕಾಲೇಜು ವಿದ್ಯಾರ್ಥಿ, ಹಾವೇರಿ

ಉತ್ತರ: ಕಾಡಿಗೆ ಬಿಡೋಕೆ ಆಗಲ್ಲಪ್ಪ, ಬೋನಲ್ಲೇ ಹುಟ್ಟಿದವಕ್ಕೆ ಬೇಟೆ ಗೊತ್ತಿಲ್ಲ, ಮನುಷ್ಯರ ಭಯ ಇಲ್ಲ, ಸಿಂಹಗಳಂತೂ ಬಹಳಷ್ಟು ಆಫ್ರಿಕಾ ಮತ್ತೆ ನಮ್ಮ ದೇಶದ ಸಿಂಹ ಕೂಡಿ ಹುಟ್ಟಿದ ಬೆರಕೆ ತಳಿ. ಅವಕ್ಕೆ ಅಂತಲೇ ಪುನರ್ವಸತಿ ಕೇಂದ್ರ ಮಾಡಿದ್ರು, ನಮ್ಮ ಬನ್ನೇರುಘಟ್ಟದಲ್ಲಿ, ತಿರುಪತಿಯಲ್ಲಿ, ವಿಶಾಖಪಟ್ಟಣದಲ್ಲಿ, ಇನ್ನೂ ಕೆಲವು ಕಡೆ. ಮರಿ ಹಾಕದ ಹಾಗೆ ನೋಡ್ಕೊಂಡು, ಇರೋಷ್ಟು ದಿನ ನೆಮ್ಮದಿಯಾಗಿ ಬದುಕಲಿ ಅಂತ ಬಿಟ್ರು.

ಇಂಥ ಪ್ರಾಣಿಗಳನ್ನ ಸರ್ಕಸ್‌ನಲ್ಲಿ ಆಡಿಸೋದಕ್ಕೆ ಈಗ ನಿಷೇಧ ಇದೆ, ಅದು ಒಂದೇ ದಿನಕ್ಕೆ ಬಂದಿದ್ದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೆಳಗೆ 1991ರಲ್ಲೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತ್ತು, ಸರ್ಕಸ್ ಮಾಲೀಕರು ಕೋರ್ಟಿಗೆ ಹೋದ್ರು, 1998ರಲ್ಲಿ ಮತ್ತೆ ಹೊರಡಿಸಿದ್ರು: ಕರಡಿ, ಕೋತಿ, ಹುಲಿ, ಚಿರತೆ, ಸಿಂಹ. ಮೊದಲ ಪಟ್ಟಿಯಲ್ಲಿದ್ದ ನಾಯಿ ಎರಡನೇದ್ರಲ್ಲಿ ಬಿಟ್ಟುಹೋಯ್ತು, ನಂಗೆ ಅದು ಈಗಲೂ ಬೇಜಾರೇ. 2000ದಲ್ಲಿ ಕೇರಳ ಹೈಕೋರ್ಟು ನಿಷೇಧ ಸರಿ ಅಂತು, ಮನುಷ್ಯರಿಗೆ ಮೂಲಭೂತ ಹಕ್ಕು ಇದ್ರೆ ಪ್ರಾಣಿಗಳಿಗೆ ಯಾಕಿಲ್ಲ ಅಂತಲೂ ಕೇಳ್ತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡೀತು. 2011ರಲ್ಲಿ ಹೋರಿ ಸೇರಿತು. ಆನೆಗೆ ಮಾತ್ರ ಇನ್ನೂ ಕಾಯಬೇಕಾಯ್ತು, ಆಮೇಲೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಸರ್ಕಸ್‌ನಲ್ಲಿ ಆನೆ ಇಟ್ಕೊಳ್ಳೋಕೆ ಕೊಟ್ಟಿದ್ದ ಮಾನ್ಯತೆ ವಾಪಸ್ ತಗೊಂತು. ನಾಯಿ, ಕುದುರೆ ಇಟ್ಕೊಂಡು ಆಟ ಆಡಿಸೋರು ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಲೇಬೇಕು, ನಿಮ್ಮೂರಿಗೆ ಬಂದ್ರೆ ಆ ಪ್ರಮಾಣಪತ್ರ ತೋರಿಸಿ ಅಂತ ಕೇಳಿ. ಇಲ್ಲಾಂದ್ರೆ ಪೊಲೀಸರಿಗೆ ದೂರು ಕೊಡಿ. ಕಾಯ್ದೆಯಲ್ಲಿ ಇದಕ್ಕೆ ಇಟ್ಟಿರೋ ದಂಡ ಹೆಚ್ಚಂದ್ರೆ 500 ರೂಪಾಯಿ, ಇಲ್ಲಾಂದ್ರೆ ಮೂರು ತಿಂಗಳವರೆಗೆ ಜೈಲು, 1960ರ ಲೆಕ್ಕ ಅದು, ಬದಲಾಗಲೇಬೇಕು.

ಪ್ರಶ್ನೆ: ಪ್ರಾಣಿ ಪ್ರಾಣಿ ಅಂತೀರಿ, ಅದನ್ನೇ ನಂಬ್ಕೊಂಡಿದ್ದ ಬಡವರ ಹೊಟ್ಟೆಪಾಡು ಏನಾಗ್ಬೇಕ್ರೀ?
— ಓದುಗರು, ಕೊಪ್ಪಳ

ಉತ್ತರ: ನಿಮ್ಮ ಮಾತು ನ್ಯಾಯವಾದದ್ದೇ ಸರ್. ಕರಡಿ ಕುಣಿಸ್ತಿದ್ದ ಕಲಂದರ್ ಜನರದ್ದನ್ನೇ ತಗೊಳ್ಳಿ. ಮರಿ ಇದ್ದಾಗಲೇ ಕಾದ ಸಲಾಕೆಯಿಂದ ಮೂಗು ತೂತು ಮಾಡಿ ಹಗ್ಗ ಹಾಕ್ತಿದ್ರು, ಆ ಹಗ್ಗ ಎಳೆದಾಗ ನೋವಿಗೆ ಕರಡಿ ಎದ್ದು ಕುಣೀತಿತ್ತು. ಹಾಗಂತ ಅವರನ್ನ ಹಿಡಿದು ಜೈಲಿಗೆ ಹಾಕಿದ್ರೆ ಅವರ ಮಕ್ಕಳು ಉಪವಾಸ ಬೀಳ್ತಿದ್ರು, ಬೇರೆಲ್ಲೋ ಇನ್ನೊಂದು ಮರಿ ಹಿಡೀತಿದ್ರು. ವೈಲ್ಡ್‌ಲೈಫ್ ಎಸ್‌ಓಎಸ್ ಅನ್ನೋ ಸಂಸ್ಥೆಯವರು ಕರಡಿ ಒಪ್ಪಿಸಿದ ಕುಟುಂಬಕ್ಕೆ ಬೇರೆ ಕಸುಬು ಶುರು ಮಾಡೋಕೆ ದುಡ್ಡು ಕೊಟ್ರು, ಮಕ್ಕಳನ್ನ ಸ್ಕೂಲಿಗೆ ಕಳಿಸಿದ್ರು, ಆಗ ಅವರೇ ಮುಂದೆ ಬಂದು ಕೊಟ್ರು. 2009ರಲ್ಲಿ ರಾಜು ಅನ್ನೋ ಕರಡಿ ಬನ್ನೇರುಘಟ್ಟಕ್ಕೆ ಬಂತು, ದೇಶದ ಬೀದಿಗಳಲ್ಲಿ ಕುಣೀತಿದ್ದ ಕೊನೇ ಕರಡಿ ಅದು ಅಂತಲೇ ಹೇಳ್ತಾರೆ.

ಸರ್ಕಸ್ ಕಲಾವಿದರಿಗೆ ಅಂಥ ಏರ್ಪಾಡು ಸಾಕಷ್ಟು ಆಗಲಿಲ್ಲ, ಅದು ತಪ್ಪು ಅಂತಲೇ ನಾನೂ ಹೇಳ್ತೀನಿ. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಕೇರಳದ ತಲಶ್ಶೇರಿ ಹತ್ರ ಚಿರಕ್ಕರದಲ್ಲಿ ಶುರು ಮಾಡಿದ ಸರ್ಕಸ್ ಶಾಲೆಯಲ್ಲಿ ಕಲಿಸ್ತಿದ್ದದ್ದು ಕಸರತ್ತು, ಹುಡುಗರು ತಮ್ಮ ಮೈ ನಂಬಿ ಆಡೋ ಆಟ, ನಮ್ಮ ದೇಶದ ಸರ್ಕಸ್ಸಿಗೆ ಹೆಸರು ತಂದವರಲ್ಲಿ ಎಷ್ಟೋ ಜನ ಆ ಊರಿನವರು. ಸರ್ಕಾರ ಅಂಥ ಶಾಲೆಗೆ, ವಯಸ್ಸಾದ ಕಲಾವಿದರ ಪಿಂಚಣಿಗೆ ದುಡ್ಡು ಇಡಲಿ. ಅಮೆರಿಕದ ರಿಂಗ್ಲಿಂಗ್ ಸರ್ಕಸ್ 2016ರಲ್ಲಿ ಆನೆ ಬಿಡ್ತು, ಮರುವರ್ಷ ಮುಚ್ಚೇ ಹೋಯ್ತು, 2023ರಲ್ಲಿ ಒಂದೂ ಪ್ರಾಣಿ ಇಲ್ಲದೆ ಮತ್ತೆ ಶುರುವಾಗಿದೆ, ಟಿಕೆಟ್ ತಗೊಂಡು ಹೋಗೋ ಜನಾನೂ ಇದಾರೆ.