ಹಿತ್ತಲ ಗಿಡವೂ ಮದ್ದೇ

ಓದುಗರ ಪತ್ರ: ‘ಮಾನ್ಯ ಸಂಪಾದಕರೇ, ನಾನು ತೀರ್ಥಹಳ್ಳಿ ಕಡೆಯವನು. ಸಿಯಾಟಲ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. 2025ರ ಅಕ್ಟೋಬರ್ 20ರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನಮ್ಮ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ಗೆ ಇನ್ನು ಎಂಟು ಔಟ್ ಸಿಕ್ಕಿದ್ದರೆ ಸಾಕಿತ್ತು, ಮೊದಲ ಸಲ ವರ್ಲ್ಡ್ ಸೀರೀಸ್, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸರಣಿ, ಆಡುತ್ತಿತ್ತು. ನಮ್ಮ ತಂಡದ ಬಜಾರ್ಡೊ ಎಸೆದ ಒಂದು ಚೆಂಡು ಎಲ್ಲವನ್ನೂ ಮುಗಿಸಿತು. ಹನ್ನೊಂದು ವರ್ಷದ ನನ್ನ ಮಗ ಅವರ ಫೋಟೋ ಇದ್ದ ಕಾರ್ಡನ್ನು ಕಸದ ಬುಟ್ಟಿಗೆ ಹಾಕಿದ. ಆರ್‌ಸಿಬಿಯ ಕೊನೇ ಓವರುಗಳ ಸಂಕಟ ಉಂಡು ಬಂದವನಿಗೆ ಇಲ್ಲೂ ಅದೇ ಹಣೆಬರಹ. ಎಷ್ಟು ದುಡ್ಡಾದರೂ ಸರಿ, ಎಷ್ಟು ಎಳೆಯ ಆಟಗಾರರನ್ನು ಕೊಟ್ಟಾದರೂ ಸರಿ, ದೊಡ್ಡ ಹೆಸರಿನ ಒಬ್ಬ ಕ್ಲೋಸರ್‌ನನ್ನು ಹೊರಗಿನಿಂದ ತರಲೇಬೇಕು. ನೀವೇನಂತೀರಿ?’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಟಿವಿ ಮುಂದೆ ಕೂತಿದ್ದಾಗ ಇಲ್ಲಿ ಬೆಂಗಳೂರಿನಲ್ಲಿ ಬೆಳಗ್ಗೆ ಆಗಿತ್ತು. ದೀಪಾವಳಿಯ ನಡುವಿನ ದಿನ. ಹೊರಗೆ ಪಟಾಕಿ ಸದ್ದು, ಒಳಗೆ ನಾನು ಕಾಫಿ ಆರಲು ಬಿಟ್ಟು ಅದೇ ಆಟ ನೋಡುತ್ತಿದ್ದೆ. ಹಾಗಾಗಿ ನಿಮ್ಮ ಸಂಕಟ ನನಗೆ ಗೊತ್ತು. ಆದರೆ ನೀವು ಹೇಳುವ ಔಷಧವನ್ನು ನಾನು ಒಪ್ಪುವುದಿಲ್ಲ.

ಈ ಆಟ ನೋಡದ ಓದುಗರಿಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್, ಒಂದೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್. ಸ್ಕೋರು ಸಮ ಆದರೆ ಇನ್ನಿಂಗ್ ಮುಂದುವರಿಯುತ್ತವೆ. ಚೆಂಡೆಸೆಯುವವರು ಪಿಚರ್. ಆಟ ಶುರು ಮಾಡುವ ಪಿಚರ್, ಅಂದರೆ ಸ್ಟಾರ್ಟರ್, ಐದಾರು ಇನ್ನಿಂಗ್ ಎಸೆದು ದಣಿಯುತ್ತಾರೆ. ಆಮೇಲೆ ಬರುವವರೆಲ್ಲ ರಿಲೀವರ್‌ಗಳು. ಅವರು ಕೂತು, ಕೈ ಬಿಸಿ ಮಾಡಿಕೊಳ್ಳುವ ಜಾಗ ಬುಲ್‌ಪೆನ್. ಆ ಗುಂಪಿಗೂ ಅದೇ ಹೆಸರು. ಅವರಲ್ಲಿ ಕೊನೆಯ ಇನ್ನಿಂಗ್ ಎಸೆದು ಗೆಲುವಿಗೆ ಮುದ್ರೆ ಒತ್ತುವವರು ಕ್ಲೋಸರ್. ಹಣ, ಹೆಸರು, ಮೈದಾನಕ್ಕೆ ಬರುವಾಗ ಹಾಡು, ಎಲ್ಲ ಇವರಿಗೇ.

ನಿಮ್ಮ ಪಕ್ಷದಲ್ಲೂ ನ್ಯಾಯ ಇದೆ, ಇಲ್ಲ ಎನ್ನಲಾರೆ. 2016ರ ಜುಲೈನಲ್ಲಿ ಶಿಕಾಗೋ ಕಬ್ಸ್ ತಂಡ ಗ್ಲೇಬರ್ ಟೋರೆಸ್ ಎಂಬ ಚಿನ್ನದಂಥ ಹುಡುಗನನ್ನೂ ಜೊತೆಗೆ ಇನ್ನೂ ಮೂವರನ್ನೂ ಯಾಂಕೀಸ್‌ಗೆ ಕೊಟ್ಟು ಅರೋಲ್ಡಿಸ್ ಚಾಪ್‌ಮನ್ ಎಂಬ ಕ್ಲೋಸರ್‌ನನ್ನು ತಂದಿತು. 1908ರಿಂದ ಬಾರದಿದ್ದ ಕಪ್ ಆ ವರ್ಷ ಬಂತು. ನೂರೆಂಟು ವರ್ಷ ಕಾದವರಿಗೆ ಆ ಬೆಲೆ ಜಾಸ್ತಿ ಅನ್ನಿಸಿರಲಿಕ್ಕಿಲ್ಲ.

ಆದರೆ ಆ ವರ್ಷದ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಆಟ ನೆನಪಿದೆಯೇ? ಎಂಟನೇ ಇನ್ನಿಂಗ್‌ನಲ್ಲಿ ಚಾಪ್‌ಮನ್ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಐದನೇ ಆಟದಲ್ಲಿ 42 ಚೆಂಡು ಎಸೆದಿದ್ದರು. ಆರನೇ ಆಟದಲ್ಲಿ ಐದು ರನ್ ಮುಂದಿದ್ದಾಗಲೂ ಅವರನ್ನೇ ಕರೆದಿದ್ದರು. ಏಳನೇ ಆಟದಲ್ಲಿ ಎದುರಾಳಿ ರಜಾಯ್ ಡೇವಿಸ್ ಚಾಪ್‌ಮನ್ ಚೆಂಡನ್ನು ಬೇಲಿ ದಾಟಿಸಿದರು. ಸ್ಕೋರು 6-6. ಮಳೆ ಬಂತು, ಆಟ ಹದಿನೇಳು ನಿಮಿಷ ನಿಂತಿತು, ಹತ್ತನೇ ಇನ್ನಿಂಗ್‌ಗೆ ಹೋಯಿತು. ಕೊನೆಯ ಔಟ್ ಪಡೆದವರು ಯಾರು? ಮೈಕ್ ಮಾಂಟ್ಗೊಮೆರಿ. ದೊಡ್ಡ ಲೀಗ್‌ನಲ್ಲಿ ಅದಕ್ಕೆ ಮುಂಚೆ ಒಂದೇ ಒಂದು ಆಟವನ್ನೂ ಹಾಗೆ ಕಾಪಾಡಿ ಮುಗಿಸಿರದ ಮನುಷ್ಯ. ಚಾಪ್‌ಮನ್ ಬರುವ ಐದು ದಿನ ಮುಂಚೆ, ಹೆಚ್ಚು ಸದ್ದಿಲ್ಲದೆ ಕಬ್ಸ್ ಅವರನ್ನು ತಂದಿತ್ತು. ಎಲ್ಲಿಂದ ಗೊತ್ತಾ? ನಿಮ್ಮ ಸಿಯಾಟಲ್‌ನಿಂದಲೇ.

ಸಿಯಾಟಲ್‌ನಲ್ಲಿ ಇರುವವರು 1997ರ ಜುಲೈ 31ನ್ನು ಮರೆಯಬಾರದು. ಆಗಲೂ ಮ್ಯಾರಿನರ್ಸ್ ಗೆಲ್ಲುವ ತಂಡ. ಆಗಲೂ ಬುಲ್‌ಪೆನ್ ಸೋರುತ್ತಿತ್ತು. ಆಗಲೂ ಜನ ಈಗ ನೀವು ಕೇಳಿದ್ದನ್ನೇ ಕೇಳಿದರು. ತಂಡ ಬಾಸ್ಟನ್‌ನಿಂದ ಹೀತ್‌ಕ್ಲಿಫ್ ಸ್ಲೋಕಂಬ್ ಎಂಬ ಕ್ಲೋಸರ್‌ನನ್ನು ತಂದು, ಇಬ್ಬರು ಹುಡುಗರನ್ನು ಕೊಟ್ಟಿತು. ಒಬ್ಬರು ಡೆರೆಕ್ ಲೋ, ಇನ್ನೊಬ್ಬರು ಜೇಸನ್ ವ್ಯಾರಿಟೆಕ್. ಸ್ಲೋಕಂಬ್ ಬಂದರೂ ಆ ವರ್ಷ ಮ್ಯಾರಿನರ್ಸ್ ಮೊದಲ ಸುತ್ತಿನಲ್ಲೇ ಬಾಲ್ಟಿಮೋರ್‌ಗೆ ಸೋತಿತು. ಆ ಇಬ್ಬರು ಹುಡುಗರು 2004ರಲ್ಲಿ ಬಾಸ್ಟನ್‌ಗೆ 86 ವರ್ಷದ ನಂತರ ಕಪ್ ತಂದ ತಂಡದ ಕಂಬಗಳಾದರು. ವ್ಯಾರಿಟೆಕ್ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆದ ಚೆಂಡು ಹಿಡಿಯುವವರು. ಅವರಿಗೆ ಸಿಯಾಟಲ್‌ನಲ್ಲಿ ಜಾಗ ಇರಲಿಲ್ಲ, ಯಾಕೆಂದರೆ ಅಲ್ಲಿ ಆಗಲೇ ಡ್ಯಾನ್ ವಿಲ್ಸನ್ ಇದ್ದರು. ಹೌದು, ಈಗ ನಿಮ್ಮ ಮ್ಯಾನೇಜರ್ ಆಗಿ, ಯಾವಾಗ ಯಾರು ಎಸೆಯಬೇಕೆಂದು ತೀರ್ಮಾನಿಸುವ ವಿಲ್ಸನ್ನೇ.

ಬಾಸ್ಟನ್ ಕೂಡ ಅದಕ್ಕೆ ಏಳು ವರ್ಷ ಮುಂಚೆ ಇದೇ ತಪ್ಪು ಮಾಡಿತ್ತು. 1990ರ ಆಗಸ್ಟ್ ಕೊನೆಯಲ್ಲಿ ಲ್ಯಾರಿ ಆ್ಯಂಡರ್ಸನ್ ಎಂಬ ರಿಲೀವರ್‌ಗಾಗಿ ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಆ್ಯಂಡರ್ಸನ್ ಚೆನ್ನಾಗಿಯೇ ಎಸೆದರು. ಎಸೆದದ್ದು 22 ಇನ್ನಿಂಗ್, ಅಷ್ಟೇ. ಬ್ಯಾಗ್‌ವೆಲ್ 449 ಹೋಮ್ ರನ್ (ಬೇಲಿ ದಾಟುವ ಹೊಡೆತ) ಹೊಡೆದು ಹಾಲ್ ಆಫ್ ಫೇಮ್ ಸೇರಿದರು.

ದುಡ್ಡು ಸುರಿದರೆ ಸಾಕಲ್ಲ, ಹುಡುಗರನ್ನು ಯಾಕೆ ಕೊಡಬೇಕು ಎನ್ನುತ್ತೀರಾ? 2025ರ ಚಾಂಪಿಯನ್ನರನ್ನೇ ನೋಡಿ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ಟ್ಯಾನರ್ ಸ್ಕಾಟ್ ಎಂಬ ರಿಲೀವರ್‌ನನ್ನು ತಂದಿತ್ತು. ಅವರ ಕೈಯಲ್ಲಿ ಹತ್ತು ಸಲ ಮುನ್ನಡೆ ಜಾರಿಹೋಯಿತು. ಕಪ್ ತೀರ್ಮಾನವಾಗುವ ಅಕ್ಟೋಬರ್ ಆಟಗಳಲ್ಲಿ ಅವರು ಒಂದು ಚೆಂಡನ್ನೂ ಎಸೆಯಲಿಲ್ಲ. ಹಾಗಾದರೆ ಕೊನೆಯ ಇನ್ನಿಂಗ್‌ಗಳನ್ನು ದಾಟಿಸಿದ್ದು ಯಾರು? ಸ್ಟಾರ್ಟರ್ ಆಗಬೇಕೆಂದು ಬಂದಿದ್ದ ರೋಕಿ ಸಸಾಕಿ. ವರ್ಲ್ಡ್ ಸೀರೀಸ್‌ನಲ್ಲಿ ಹದಿನೆಂಟು ಇನ್ನಿಂಗ್ ನಡೆದ ಮೂರನೇ ಆಟದಲ್ಲಿ, ಹೆಚ್ಚಿನವರು ಹೆಸರೇ ಕೇಳಿರದ ವಿಲ್ ಕ್ಲೈನ್ ನಾಲ್ಕು ಇನ್ನಿಂಗ್, 72 ಚೆಂಡು. ಕೊನೆಗೆ ಯೋಶಿನೊಬು ಯಮಮೊಟೊ. ಆರನೇ ಆಟದಲ್ಲಿ 96 ಚೆಂಡು ಎಸೆದವರು ಮರುದಿನವೇ ಏಳನೇ ಆಟದಲ್ಲಿ ಬಂದು ಇನ್ನೂ 34 ಎಸೆದು ಗೆಲ್ಲಿಸಿದರು. ದುಡ್ಡಿಲ್ಲದ ತಂಡ ಇದೆಲ್ಲ ಮಾಡಲಾರದು ಎಂಬ ಮಾತು ಬೇರೆ. ಕ್ಲೋಸರ್‌ಗಾಗಿ ಸುರಿದ ದುಡ್ಡು ಮಾತ್ರ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಬರಲಿಲ್ಲ.

ರಿಲೀವರ್‌ಗಳನ್ನು ಹೆಸರು ನೋಡಿ ಕೊಳ್ಳುವುದು ಯಾಕೆ ಅಪಾಯ ಎಂದರೆ, ಅವರು ವರ್ಷಕ್ಕೆ ಎಸೆಯುವುದೇ ಅರವತ್ತು, ಎಪ್ಪತ್ತು ಇನ್ನಿಂಗ್. ಅಷ್ಟು ಚಿಕ್ಕ ಲೆಕ್ಕದಲ್ಲಿ ನಾಲ್ಕು ರಾತ್ರಿ ಕೆಟ್ಟರೆ ವರ್ಷವೇ ಕೆಟ್ಟಂತೆ ಕಾಣುತ್ತದೆ. ನಾಲ್ಕು ರಾತ್ರಿ ಅದೃಷ್ಟ ಕೂಡಿದರೆ ಬೆಲೆ ಗಗನಕ್ಕೆ. ಮೇಲಾಗಿ ಪ್ರತಿ ಚೆಂಡನ್ನೂ ಪೂರ್ತಿ ಬಲದಿಂದ ಎಸೆಯುವ ಕೈ ಅದು. ಯಾವಾಗ ಮೊಣಕೈ ಕೈಕೊಡುತ್ತದೋ ಹೇಳಲಾಗದು.

ಈಗ ನಿಮ್ಮ ಹಿತ್ತಲಿಗೇ ಬರೋಣ. ಕ್ಲೋಸರ್ ಆಂಡ್ರೆಸ್ ಮುನ್ಯೋಸ್ 2025ರಲ್ಲಿ 38 ಆಟ ಕಾಪಾಡಿದರು. ಅವರು ಬಂದದ್ದು ಹೇಗೆ? 2020ರಲ್ಲಿ ಸ್ಯಾನ್ ಡಿಯಾಗೊ ಜೊತೆಗಿನ ಒಂದು ದೊಡ್ಡ ಅದಲುಬದಲಿನಲ್ಲಿ, ಮೊಣಕೈ ಶಸ್ತ್ರಚಿಕಿತ್ಸೆ ಆಗಿ ಎಸೆಯಲಾಗದೆ ಇದ್ದ ಹೊತ್ತಿನಲ್ಲಿ. ಮ್ಯಾಟ್ ಬ್ರ್ಯಾಶ್ ಅದೇ ತಂಡದಿಂದ, ಅದೇ ವರ್ಷ, ‘ಆಮೇಲೆ ಹೆಸರಿಸುವ ಆಟಗಾರ’ ಎಂಬ ಖಾಲಿ ಜಾಗ ತುಂಬಲು ಬಂದ ಹುಡುಗ. ಸ್ಟಾರ್ಟರ್ ಆಗಿ ಹೊಂದಲಿಲ್ಲ. ಬುಲ್‌ಪೆನ್‌ಗೆ ಕಳಿಸಿದರು, ಅವರ ಸ್ಲೈಡರ್ (ಅಡ್ಡಕ್ಕೆ ಹೊರಳುವ ಚೆಂಡು) ಅಲ್ಲಿ ಹೂವಾಗಿ ಅರಳಿತು. ಎಡಗೈ ಗೇಬ್ ಸ್ಪೈಯರ್ ಅವರನ್ನು ಕಾನ್ಸಾಸ್ ಸಿಟಿ ಕೈಬಿಟ್ಟಿತ್ತು, ಇವರು ಎತ್ತಿಕೊಂಡರು.

ಎಲ್ಲಕ್ಕಿಂತ ನನಗೆ ಪ್ರೀತಿ ಪಾಲ್ ಸೀವಾಲ್ಡ್ ಕಥೆ. ನ್ಯೂಯಾರ್ಕ್ ಮೆಟ್ಸ್‌ನಲ್ಲಿ ಒಂದು ಗೆಲುವು, ಹದಿನಾಲ್ಕು ಸೋಲು ಎಂದು ಅವರ ಹೆಸರಿನ ಮುಂದೆ ಬರೆದಿತ್ತು. ಯಾರಿಗೂ ಬೇಡವಾದರು. 2021ರ ಆರಂಭದಲ್ಲಿ ಮ್ಯಾರಿನರ್ಸ್ ಅವರಿಗೆ ಕೆಳಗಿನ ಲೀಗ್‌ನ ಒಪ್ಪಂದ ಕೊಟ್ಟು, ಫಾಸ್ಟ್‌ಬಾಲನ್ನು ಎತ್ತರದಲ್ಲಿ ಎಸೆಯಿರಿ, ಸ್ಲೈಡರನ್ನು ಇನ್ನಷ್ಟು ಅಡ್ಡಕ್ಕೆ ಹೊರಳಿಸಿ ಎಂದು ಹೇಳಿಕೊಟ್ಟಿತು. ಆ ವರ್ಷ ಅವರು 65 ಇನ್ನಿಂಗ್ ಕೂಡ ತುಂಬಲಿಲ್ಲ, 104 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಚೆಂಡು ಆಡಲು ಬಿಡದೆಯೇ ಔಟ್ ಮಾಡಿದರು! ಬುಲ್‌ಪೆನ್ ಕಟ್ಟುವುದು ಎಂದರೆ ನನ್ನ ಮಟ್ಟಿಗೆ ಇದು. ಬಿಸಾಡಿದವರಲ್ಲಿ ಒಂದು ಒಳ್ಳೆಯ ಚೆಂಡು ಹುಡುಕುವುದು, ಅದನ್ನೇ ಜಾಸ್ತಿ ಎಸೆಸುವುದು. ಇದಕ್ಕೆ ಬೇಕಾದದ್ದು ತಾಳ್ಮೆ ಇರುವ ಕೋಚ್‌ಗಳು, ಒಳ್ಳೆಯ ಕ್ಯಾಮೆರಾಗಳು, ಮತ್ತು ಆಟಗಾರನ ಮಾತು ಕೇಳುವ ಕಿವಿ.

ಕೆಲವು ವರ್ಷದ ಹಿಂದೆ ಸಂಬಂಧಿಕರ ಮನೆಗೆಂದು ಸಿಯಾಟಲ್‌ಗೆ ಬಂದಿದ್ದೆ. ಟಿ-ಮೊಬೈಲ್ ಪಾರ್ಕ್‌ನಲ್ಲಿ ಬುಲ್‌ಪೆನ್ ಹತ್ತಿರವೇ ನಿಂತು ನೋಡಬಹುದು, ನಿಮಗೆ ಗೊತ್ತೇ ಇದೆ. ಅವತ್ತು ಒಬ್ಬ ರಿಲೀವರ್ ಮೂರು ಸಲ ಎದ್ದು ಕೈ ಬಿಸಿ ಮಾಡಿಕೊಂಡರು, ಮೂರು ಸಲ ಕೂತರು. ಆಟಕ್ಕೆ ಕರೆ ಬರಲೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ಅವರ ಹೆಸರಿಲ್ಲ. ಆದರೆ ಆ ಕೈ ದಣಿದಿತ್ತು, ಅಲ್ವಾ? ಅದನ್ನು ಯಾರು ಬರೆದಿಟ್ಟರು?

ನಿಮ್ಮ ತಂಡದ ನಿಜವಾದ ಕೊರತೆ ನನಗೆ ಕಂಡದ್ದು ಬೇರೆ ಕಡೆ. ಟೊರೊಂಟೊ ತಂಡದ ಎದುರು ಅವರ ಊರಲ್ಲೇ ಅಕ್ಟೋಬರ್ 20ರಂದು ನಡೆದ ಆ ಏಳನೇ ಆಟದಲ್ಲಿ ಮ್ಯಾರಿನರ್ಸ್ 3-1 ಮುಂದಿತ್ತು. ಏಳನೇ ಇನ್ನಿಂಗ್, ಒಂದು ಔಟ್, ಎರಡನೇ ಮತ್ತು ಮೂರನೇ ಬೇಸ್‌ನಲ್ಲಿ ಓಟಗಾರರು, ಎದುರಿಗೆ ಜಾರ್ಜ್ ಸ್ಪ್ರಿಂಗರ್. ಇಡೀ ವರ್ಷದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ಮುನ್ಯೋಸ್ ಬುಲ್‌ಪೆನ್‌ನಲ್ಲಿದ್ದರು. ಕರೆ ಹೋದದ್ದು ಬಜಾರ್ಡೊಗೆ. ವರ್ಷವಿಡೀ ಅಂಥ ಕೆಲಸವನ್ನು ಅವರೇ ಮಾಡಿದ್ದರು, ಹಾಗಾಗಿ ವಿಲ್ಸನ್ ಅವರದ್ದು ಹುಚ್ಚು ತೀರ್ಮಾನ ಅಲ್ಲ. ಆದರೂ ಒಳ್ಳೆಯ ಕೈಯನ್ನು ಕಾದಿಟ್ಟದ್ದು ಯಾವುದಕ್ಕೆ? ಸ್ಪ್ರಿಂಗರ್ ಚೆಂಡನ್ನು ಬೇಲಿ ದಾಟಿಸಿದರು, ಇಬ್ಬರು ಓಟಗಾರರೂ ಅವರೂ ಸೇರಿ ಮೂರು ರನ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

ಅದೇ ಮೈದಾನದಲ್ಲಿ ಅದಕ್ಕೆ ಒಂಬತ್ತು ವರ್ಷ ಮುಂಚೆ ಇದೇ ಆಗಿತ್ತು. 2016ರ ಅಕ್ಟೋಬರ್ 4. ಬಾಲ್ಟಿಮೋರ್‌ನ ಜ್ಯಾಕ್ ಬ್ರಿಟನ್ ಆ ವರ್ಷ 47 ಅವಕಾಶದಲ್ಲಿ 47 ಆಟ ಕಾಪಾಡಿದ್ದರು. ಒಂಬತ್ತು ಇನ್ನಿಂಗ್‌ಗೆ ಸರಾಸರಿ ಕೊಟ್ಟದ್ದು 0.54 ರನ್. ಸೋತರೆ ಮನೆಗೆ ಎಂಬ ಆಟ ಹನ್ನೊಂದನೇ ಇನ್ನಿಂಗ್‌ಗೆ ಹೋದರೂ ಮ್ಯಾನೇಜರ್ ಬಕ್ ಶೋವಾಲ್ಟರ್ ಬ್ರಿಟನ್ ಅವರನ್ನು ಕರೆಯಲೇ ಇಲ್ಲ. ತಂಡ ಮುಂದಿದ್ದಾಗ ಕರೆಯೋಣ ಎಂದು ಕಾದರು. ಟೊರೊಂಟೊದ ಎಡ್ವಿನ್ ಎನ್ಕಾರ್ನಸಿಯೊನ್ ಚೆಂಡನ್ನು ಮೇಲಿನ ಸಾಲಿಗೆ ಕಳಿಸಿದರು. ಬ್ರಿಟನ್ ಕೈ ಬಿಸಿ ಮಾಡಿಕೊಂಡೇ ಮನೆಗೆ ಹೋದರು.

ಈ ಕಾಯುವ ರೋಗಕ್ಕೆ ಕಾರಣ ‘ಸೇವ್’ ಎಂಬ ಒಂದು ಅಂಕಿ. ಅದನ್ನು ಹುಟ್ಟಿಸಿದವರು ನಮ್ಮ ಕಸುಬಿನವರೇ, ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. ರಿಲೀವರ್‌ಗಳ ದುಡಿಮೆ ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂಬ ಕಳಕಳಿಯಿಂದ ಮಾಡಿದರು. 1969ರಲ್ಲಿ ಅದು ಅಧಿಕೃತ ಲೆಕ್ಕವಾಯಿತು. ಆಮೇಲೆ ಆದದ್ದೇನು? ಆಟ ಮುಗಿಸಿದವರಿಗೆ ಮಾತ್ರ ಆ ಅಂಕಿ ಸಿಗುತ್ತದೆ. ಅಂಕಿಗೆ ದುಡ್ಡು ಅಂಟಿಕೊಂಡಿತು. ಕೊನೆಗೆ ಮ್ಯಾನೇಜರ್‌ಗಳು ಅಂಕಿಗಾಗಿಯೇ ಪಿಚರನ್ನು ಕಾದಿಡಲು ಶುರು ಮಾಡಿದರು. ಏಳನೇ ಇನ್ನಿಂಗ್‌ನಲ್ಲಿ ಬೆಂಕಿ ಆರಿಸಿದವರು ಲೆಕ್ಕಕ್ಕಿಲ್ಲ.

ನೀವು ಕ್ರಿಕೆಟ್ ಮಾತು ತೆಗೆದಿರಿ, ಒಂದು ಹೇಳಿಬಿಡುತ್ತೇನೆ. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಗೆ 30 ಚೆಂಡಿಗೆ 30 ರನ್ ಬೇಕಿತ್ತು. ರೋಹಿತ್ ಶರ್ಮಾ ಬುಮ್ರಾ ಅವರನ್ನು ಕೊನೇ ಓವರಿಗೆ ಇಟ್ಟುಕೊಳ್ಳಲಿಲ್ಲ. ಹದಿನಾರನೇ ಓವರಿಗೆ ಕರೆದರು, ನಾಲ್ಕು ರನ್. ಹದಿನೆಂಟಕ್ಕೆ ಮತ್ತೆ ಕರೆದರು, ಎರಡು ರನ್, ಒಂದು ವಿಕೆಟ್. ಕೊನೇ ಓವರ್ ಹಾರ್ದಿಕ್ ಹಾಕಿದರು. ಕೋಚ್ ಆಗಿ ಕೂತಿದ್ದವರು ನಮ್ಮ ದ್ರಾವಿಡ್. 2025ರ ಜೂನ್‌ನಲ್ಲಿ ಆರ್‌ಸಿಬಿ ಕಪ್ ಎತ್ತಿದಾಗಲೂ ಪಂದ್ಯಶ್ರೇಷ್ಠ ಆದದ್ದು ನಡುವಿನ ಓವರುಗಳನ್ನು ಬಿಗಿಹಿಡಿದ ಕೃಣಾಲ್ ಪಾಂಡ್ಯ. ನಾಲ್ಕು ಓವರ್, 17 ರನ್, ಎರಡು ವಿಕೆಟ್.

ನಾನು ಈ ಕಸುಬಿಗೆ ಬಂದ ಹೊಸದರಲ್ಲಿ ರಾತ್ರಿ ಪಾಳಿಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಮುದ್ರಣಕ್ಕೆ ಹೋಗುವ ಮುನ್ನ ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ದಾಟುತ್ತಿರಲಿಲ್ಲ. ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಿದ್ದ ಸುದ್ದಿಯೊಂದನ್ನು ಅವರು ರಾತ್ರಿ ಹನ್ನೊಂದೂವರೆಗೆ ಹಿಡಿದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ತಪ್ಪು ಆಗಲಿಲ್ಲವಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅವರು ನಿವೃತ್ತರಾದಾಗ ಒಂದು ಹಾರವೂ ಬೀಳಲಿಲ್ಲ. ಇಪ್ಪತ್ತೈದು ವರ್ಷ ದುಡಿದ ಅವರಿಗಿಂತ, ಹೊರಗಿನಿಂದ ಬಂದ ಹೊಸ ಹೆಸರಿಗೆ ಆ ಸಂಸ್ಥೆ ಮೂರು ಪಟ್ಟು ಸಂಬಳ ಕೊಟ್ಟಿತು. ಶಾಲೆ, ಆಸ್ಪತ್ರೆ, ಕಚೇರಿ, ಎಲ್ಲ ಕಡೆ ಇದನ್ನೇ ನೋಡುತ್ತಾ ಬಂದಿದ್ದೇನೆ. ಅನಾಹುತ ತಡೆದವರ ಲೆಕ್ಕವನ್ನು ನಾವು ಇಡುವುದೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿಟ್ಟುಕೊಂಡು ಅದನ್ನೇ ಪಾಲಿಸುತ್ತಿದ್ದೇವೆ.

ಹಾಗಾಗಿ ಮ್ಯಾರಿನರ್ಸ್‌ಗೆ ನನ್ನ ಸಲಹೆ ಚಿಕ್ಕದು. ಎಳೆಯರನ್ನು ಕೊಡಬೇಡಿ. ಇನ್ನೂ ಇಬ್ಬರು ಸೀವಾಲ್ಡ್‌ಗಳನ್ನು ಹುಡುಕಿ. ಸ್ಟಾರ್ಟರ್ ಆಗಿ ನಿಲ್ಲದ ಹುಡುಗನಿಗೆ ಬುಲ್‌ಪೆನ್ ಬಾಗಿಲು ತೆಗೆಯಿರಿ. ಮುನ್ಯೋಸ್ ಅವರನ್ನು ಬೆಂಕಿ ಹತ್ತಿದ ಗಳಿಗೆಯಲ್ಲಿ ಕರೆಯಿರಿ, ಅದು ಏಳನೇ ಇನ್ನಿಂಗ್ ಆದರೂ ಸರಿ.

ಇನ್ನು ನಿಮ್ಮ ಮೇಲೆ ನನಗೆ ಸ್ವಲ್ಪ ಬೇಸರ ಇದೆ. ಮಗ ಕಾರ್ಡನ್ನು ಕಸದ ಬುಟ್ಟಿಗೆ ಹಾಕಿದಾಗ ನೀವು ಸುಮ್ನೆ ಇದ್ದಿರಿ ಅಂತ ಕಾಣುತ್ತದೆ. ಅವನಿಗೆ ಅಕ್ಟೋಬರ್ 10ರ ರಾತ್ರಿಯನ್ನು ನೆನಪಿಸಿ. ಡೆಟ್ರಾಯಿಟ್ ಎದುರು ಹದಿನೈದು ಇನ್ನಿಂಗ್ ನಡೆದ ಆಟ. ನಿಮ್ಮ ಪೊಲಾಂಕೊ ಆಟ ಗೆಲ್ಲಿಸಿದ ಹೊಡೆತಕ್ಕೆ ನೀವೆಲ್ಲ ಕುಣಿದಿರಬೇಕು. ಅದಕ್ಕೂ ಮುಂಚೆ, ಹನ್ನೆರಡನೇ ಇನ್ನಿಂಗ್‌ನಿಂದ, ಒಂದು ರನ್ ಹೋದರೆ ಎಲ್ಲ ಮುಗಿಯಿತು ಎನ್ನುವ ಹೊತ್ತಿನಲ್ಲಿ, ಎರಡೂವರೆ ಇನ್ನಿಂಗ್‌ಗಿಂತ ಜಾಸ್ತಿ ಎಸೆದು ಒಂದೂ ರನ್ ಕೊಡದೆ ನಿಂತವರು ಎಡುವಾರ್ಡ್ ಬಜಾರ್ಡೊ. ಅವರು ನಿಲ್ಲದಿದ್ದರೆ ನಿಮಗೆ ಅಕ್ಟೋಬರ್ 20 ಬರುತ್ತಲೇ ಇರಲಿಲ್ಲ. ಕಾರ್ಡ್ ಹೋಗಿದ್ದರೆ ಇನ್ನೊಂದು ತಂದುಕೊಡಿ.