ಹಳೆಯ ಮಿಯಾಟಾಕ್ಕೆ ಹೊಸ ಇಸಿಯು ಬೇಕೇ?

ಪ್ರಶ್ನೆ: ನನ್ನ ಬಳಿ 1990ರ ಮಾಜ್ದಾ ಮಿಯಾಟಾ ಇದೆ; ಇಂಜಿನ್ 1.6 ಲೀಟರಿನದು, ಟರ್ಬೊ ಇಲ್ಲ. ಆಕ್ಸಿಲರೇಟರ್ ತುಳಿದಾಗ ಒಮ್ಮೊಮ್ಮೆ ಮುಗ್ಗರಿಸುತ್ತದೆ. ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ತೆಗೆದು 500 ಡಾಲರ್ ಒಳಗೆ ನಾವೇ ಟ್ಯೂನ್ ಮಾಡಿಕೊಳ್ಳಬಹುದಾದ ಮೆಗಾಸ್ಕ್ವರ್ಟ್ ಅಥವಾ ಸ್ಪೀಡುಯಿನೊ ಎಂಬ ಇಸಿಯು ಹಾಕಿದರೆ ಇದು ಸರಿಹೋದೀತೆ, ಶಕ್ತಿಯೂ ಹೆಚ್ಚೀತೆ?
– ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಟರ್ಬೊ ಇಲ್ಲದ ಈ ಇಂಜಿನ್ನಿನಲ್ಲಿ ಇಸಿಯು ಒಂದನ್ನೇ ಬದಲಿಸಿದರೆ ಹೆಚ್ಚುವ ಶಕ್ತಿ ಅಲ್ಪ. ಮುಗ್ಗರಿಸುವುದಕ್ಕೆ ನಾನು ಮೊದಲು ಅನುಮಾನಿಸುವುದು ಗಾಳಿಯನ್ನು ಅಳೆಯುವ ಮೀಟರನ್ನು. ಅದರೊಳಗೆ ಸ್ಪ್ರಿಂಗ್ ಹಾಕಿದ ಪುಟ್ಟ ಬಾಗಿಲೊಂದಿದೆ. ಒಳನುಗ್ಗುವ ಗಾಳಿ ಅದನ್ನು ತಳ್ಳಿದಂತೆ ಒಂದು ತೋಳು ಕಾರ್ಬನ್ ಪಟ್ಟಿಯ ಮೇಲೆ ಸರಿಯುತ್ತದೆ, ಅಲ್ಲಿಂದ ಬರುವ ವೋಲ್ಟೇಜನ್ನು ನೋಡಿ ಇಸಿಯು ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಮೂವತ್ತು ವರ್ಷಗಳಿಂದ ಉಜ್ಜಿಸಿಕೊಂಡ ಪಟ್ಟಿ ನಡುವೆ ಎಲ್ಲಾದರೂ ಸವೆದಿದ್ದರೆ ಅಲ್ಲಿಗೆ ಬಂದಾಗ ಇಂಜಿನ್ ತಡವರಿಸುವುದು ಸಹಜ. ಇಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಬಾಗಿಲನ್ನು ಬೆರಳಿನಿಂದ ನಿಧಾನವಾಗಿ ತಳ್ಳುತ್ತಾ ಮೀಟರಿನ ವೋಲ್ಟೇಜನ್ನು ಅಳೆಯಿರಿ. ಮುಳ್ಳಿರುವ ಹಳೆಯ ಮಲ್ಟಿಮೀಟರ್ ಇದಕ್ಕೆ ಹೆಚ್ಚು ಅನುಕೂಲ. ಮುಳ್ಳು ಎಲ್ಲಿಯೂ ಹಾರಬಾರದು. ಆಗ ಹಿಂದಿನಿಂದ ಪೆಟ್ರೋಲ್ ಪಂಪಿನ ಸದ್ದು ಕೇಳಿದರೆ ಗಾಬರಿಯಾಗಬೇಡಿ, ಅದರ ಸ್ವಿಚ್ ಇರುವುದೂ ಇದೇ ಮೀಟರಿನಲ್ಲಿ. ಗಾಳಿಯ ಉಷ್ಣತೆಯನ್ನು ಅಳೆಯುವ ಸೆನ್ಸರ್ ಸಹ ಇಲ್ಲಿಯೇ ಇರುವುದರಿಂದ, ಹೊಸ ಇಸಿಯು ಹಾಕಿ ಈ ಮೀಟರನ್ನು ಕಿತ್ತುಹಾಕುವವರು ಪಂಪಿಗೂ ಉಷ್ಣತೆಗೂ ಬೇರೆ ವೈರಿಂಗ್ ಮಾಡಿಕೊಳ್ಳಬೇಕಾಗುತ್ತದೆ.

ಮೀಟರ್ ಸರಿಯಿದ್ದರೆ ಅರ್ತ್ ವೈರುಗಳ ತುಕ್ಕು ತೆಗೆಯಿರಿ, ರಬ್ಬರ್ ಕೊಳವೆಗಳಲ್ಲಿ ಬಿರುಕಿದೆಯೇ ನೋಡಿ, ಇಸಿಯು ಬಿಚ್ಚಿ ಕೆಪಾಸಿಟರುಗಳು ಸೋರಿವೆಯೇ ಪರೀಕ್ಷಿಸಿ. ಇವು ಕೆಲವೇ ಡಾಲರುಗಳಲ್ಲಿ ಮುಗಿಯುವ ಕೆಲಸಗಳು.

ನಿಮ್ಮ ಊರಿನ ಕಾನೂನನ್ನೂ ಮರೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆಯುಂಟು. ಹೊಗೆಯನ್ನು ಅಳೆಯುವುದರ ಜೊತೆಗೆ ಮೂಲ ಭಾಗಗಳು ಸ್ವಸ್ಥಾನದಲ್ಲಿವೆಯೇ ಎಂದು ಕಣ್ಣಿನಿಂದಲೂ ನೋಡುತ್ತಾರೆ. ರಾಜ್ಯದ ವಾಯು ಮಂಡಳಿಯ ವಿನಾಯಿತಿ ಸಂಖ್ಯೆಯಿಲ್ಲದ ಇಸಿಯು ಹಾಕಿದ ಕಾರು ಅಲ್ಲಿ ತೇರ್ಗಡೆಯಾಗುವುದಿಲ್ಲ.

ಕಾರು ರೇಸ್ ಟ್ರ್ಯಾಕಿಗೆ ಮಾತ್ರ ಮೀಸಲಾದರೆ ಸ್ಪೀಡುಯಿನೊ ಅಗ್ಗದ ಆಯ್ಕೆ. ಅದು ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ನಿಂತ, ವಿನ್ಯಾಸವೆಲ್ಲ ಮುಕ್ತವಾಗಿ ಸಿಗುವ ಇಸಿಯು. ಆದರೆ ಹಣದ ಮೊದಲ ಪಾಲನ್ನು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿಗೆ ಎತ್ತಿಡಿ; ಗಾಳಿ ಮತ್ತು ಪೆಟ್ರೋಲಿನ ಅನುಪಾತ ಎಷ್ಟಿದೆ ಎಂದು ಹೊಗೆಯಿಂದ ಅಳೆದು ಹೇಳುವುದು ಅದು. ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ 14.7ರ ಆಚೆಗಿದೆಯೋ ಈಚೆಗಿದೆಯೋ ಎಂದಷ್ಟೇ ಕಾರಿನ ಮೂಲ ಸೆನ್ಸರ್ ಹೇಳಬಲ್ಲದು. ಎಷ್ಟು ದೂರದಲ್ಲಿದೆ ಎಂದು ತಿಳಿಯದೆ ಟ್ಯೂನಿಂಗಿಗೆ ಕೈಹಾಕಿದರೆ ಪಿಸ್ಟನ್ನೇ ಸುಟ್ಟೀತು.