ಕೆಲಸದ ಕಷ್ಟಸುಖ: ಮೂರು ದಿನ ಆಫೀಸು ಸರಿ, ಯಾವ ಮೂರು ದಿನ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 34 ವರ್ಷ. ಮನೆ ಕ್ಯಾತ್ಸಂದ್ರದಲ್ಲಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಅಂತ ನಿಯಮ. ಕೇಳಿದವರೆಲ್ಲ ‘ನಿನಗೇನಮ್ಮ, ಪುಣ್ಯವಂತೆ’ ಅನ್ನುತ್ತಾರೆ. ಆದರೆ ಯಾವ ಮೂರು ದಿನ ಎಂದು ನಮ್ಮ ಟೀಮ್ ಲೀಡ್ ಹೇಳುವುದು ಹಿಂದಿನ ರಾತ್ರಿ ಒಂಬತ್ತಕ್ಕೆ, ವಾಟ್ಸಾಪ್‌ನಲ್ಲಿ. ಬೆಳಗ್ಗೆ ಆರೂವರೆಗೆ ಮನೆ ಬಿಡಬೇಕು. ಮಗಳಿಗೆ ನಾಲ್ಕು ವರ್ಷ. ಯಜಮಾನರಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ರಾತ್ರಿ ಅಷ್ಟು ಹೊತ್ತಿನಲ್ಲಿ ಪಕ್ಕದ ಮನೆ ಅಜ್ಜಿಯ ಬಾಗಿಲು ತಟ್ಟಿ ‘ನಾಳೆ ಮಗು ನೋಡ್ಕೊಳ್ತೀರಾ’ ಎಂದು ಕೇಳುವುದಕ್ಕೆ ನಾಚಿಕೆ ಆಗುತ್ತದೆ. ಮನೆಯಲ್ಲಿದ್ದ ದಿನವೂ ಲ್ಯಾಪ್‌ಟಾಪ್ ಮುಚ್ಚುವಾಗ ರಾತ್ರಿ ಹತ್ತಾಗಿರುತ್ತದೆ. ಕೆಲಸ ನನಗೆ ಇಷ್ಟ. ಆದರೂ ಬಿಟ್ಟುಬಿಡೋಣ ಅನ್ನಿಸುತ್ತದೆ. ನನಗೇ ಕೊಬ್ಬು ಜಾಸ್ತಿ ಆಯ್ತಾ?
(ಹೆಸರು ಬೇಡ, ತುಮಕೂರು)

ಉತ್ತರ: ಕೊಬ್ಬಲ್ಲಮ್ಮ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಿಮಗೆ ಎರಡು ದಿನ ಮನೆ ಸಿಕ್ಕಿದೆ, ಆದರೆ ನಾಳೆ ಎಲ್ಲಿರಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ದಣಿವು ಬರುತ್ತಿರುವುದು ಅಲ್ಲಿಂದ.

ನಾನು ಪೀಣ್ಯದ ಒಂದು ಕಾರ್ಖಾನೆಯ ಪರ್ಸನೆಲ್ ಸೆಕ್ಷನ್‌ನಲ್ಲಿ, ಅಂದರೆ ನೌಕರರ ವಿಭಾಗದಲ್ಲಿ, 22 ವರ್ಷ ಕೆಲಸ ಮಾಡಿದವಳು. ತುಮಕೂರಿನಿಂದಲೇ ಓಡಾಟ, ರೈಲಿನ ಮಂತ್ಲಿ ಪಾಸು. ಆಗ ಇದ್ದದ್ದು ಒಂದೇ ಹಳಿ. ಎದುರಿನ ಗಾಡಿಗೆ ಕ್ರಾಸಿಂಗ್ ಅಂತ ಸೋಲದೇವನಹಳ್ಳಿಯಲ್ಲಿ ನಿಲ್ಲಿಸಿದರೆ ಆ ದಿನದ ಕಥೆ ಮುಗಿಯಿತು. ನಮ್ಮ ಗೇಟಿನಲ್ಲಿ ಪಂಚಿಂಗ್ ಗಡಿಯಾರ ಇತ್ತು. ಎಂಟು ಗಂಟೆಯೊಳಗೆ ಕಾರ್ಡು ಹಾಕಿದರೆ ನೀಲಿ ಅಕ್ಷರ ಬೀಳುತ್ತಿತ್ತು, ಎಂಟು ದಾಟಿದರೆ ಕೆಂಪು. ತಿಂಗಳಿಗೆ ಮೂರು ಕೆಂಪು ಬಿದ್ದರೆ ಅರ್ಧ ದಿನದ ಸಂಬಳ ಕಟ್. ಪ್ಯಾಕಿಂಗ್‌ನಲ್ಲಿ ತುಮಕೂರು, ದಾಬಸ್‌ಪೇಟೆ ಕಡೆಯ ಏಳು ಜನ ಹೆಂಗಸರಿದ್ದರು. ತಿಂಗಳ ಕೊನೆಗೆ ಅವರ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು. ಕೆಲಸಗಳ್ಳರಲ್ಲ ಅವರು. ರೈಲು ಲೇಟು, ಅಷ್ಟೇ.

ಮ್ಯಾನೇಜರ್ ಹತ್ತಿರ ಮಾತಾಡಿ, ಆ ಏಳು ಜನಕ್ಕೆ ಎಂಟೂವರೆಗೆ ಬಂದು ಸಂಜೆ ಅರ್ಧ ಗಂಟೆ ತಡವಾಗಿ ಹೋಗುವ ಹಾಗೆ ಮಾಡಿಸಿದೆ. ಸಂಬಳ ಒಂದು ರೂಪಾಯಿ ಜಾಸ್ತಿ ಆಗಲಿಲ್ಲ. ಆದರೆ ಮೊದಲು ಗೇಟಿನಿಂದ ಓಡಿ ಬಂದು ಏದುಸಿರು ಬಿಡುತ್ತಾ ಕೂರುತ್ತಿದ್ದವರು, ಆಮೇಲೆ ಮುಖ ತೊಳೆದು, ಊಟದ ಡಬ್ಬಿ ಸಾಲಾಗಿ ಇಟ್ಟು, ಒಬ್ಬರಿಗೊಬ್ಬರು ಹೂ ಹಂಚಿಕೊಂಡು ಕೆಲಸಕ್ಕೆ ಕೂರತೊಡಗಿದರು. ಅದನ್ನು ನೋಡುವುದಕ್ಕೇ ನಾನು ಒಂದೊಂದು ದಿನ ಆ ಕಡೆ ಹೋಗಿ ಬರುತ್ತಿದ್ದೆ.

ಎರಡು ವರ್ಷಕ್ಕೆ ಬೇರೆ ಮ್ಯಾನೇಜರ್ ಬಂದರು. ‘ಇದು ಎಲ್ಲಿ ಬರೆದಿದೆ?’ ಎಂದು ಕೇಳಿದರು. ಎಲ್ಲೂ ಬರೆದಿರಲಿಲ್ಲ. ಮಾರನೆಯ ದಿನದಿಂದ ಮತ್ತೆ ಎಂಟು ಗಂಟೆ. ಆರು ತಿಂಗಳಲ್ಲಿ ಮೂವರು ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದರು. ಅವರ ಫಾರಂ ತುಂಬಿದವಳು ನಾನೇ. ಒಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡಿದ್ದರೆ ಅವರು ಉಳಿಯುತ್ತಿದ್ದರೇನೋ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ದಿನ ಗೊತ್ತುಮಾಡಿಸಿಕೊಳ್ಳಿ, ಬರವಣಿಗೆಯಲ್ಲಿ. ನಿಮ್ಮ ಮ್ಯಾನೇಜರ್‌ಗೆ ತೋರಿಸಲು ಒಂದು ಒಳ್ಳೆಯ ಉದಾಹರಣೆಯೂ ಇದೆ. ಶಾಂಘೈನ ಟ್ರಿಪ್ ಡಾಟ್ ಕಾಮ್ ಎಂಬ ಪ್ರವಾಸ ಬುಕಿಂಗ್ ಕಂಪನಿಯಲ್ಲಿ 2021ರಲ್ಲಿ 1,612 ನೌಕರರ ಮೇಲೆ ಒಂದು ಪ್ರಯೋಗ ಶುರುವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಅದರ ಅಧ್ಯಯನ ಮಾಡಿದರು. ಬೆಸ ಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದವರಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡುವ ಅವಕಾಶ. ಉಳಿದವರಿಗೆ ಐದೂ ದಿನ ಆಫೀಸು. 2024ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮನೆಯಿಂದ ಮಾಡಿದವರ ಕೆಲಸದ ಗುಣಮಟ್ಟವಾಗಲಿ, ಬಡ್ತಿಯಾಗಲಿ ಕಡಿಮೆ ಆಗಲಿಲ್ಲ. ಕೆಲಸದ ಬಗ್ಗೆ ಅವರ ಸಮಾಧಾನ ಹೆಚ್ಚಾಯಿತು. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಹೀಗೆ ಉಳಿದುಕೊಂಡವರಲ್ಲಿ ಹೆಂಗಸರು ಮತ್ತು ದೂರದಿಂದ ಬರುವವರೇ ಹೆಚ್ಚು. ನಿಮ್ಮ ಹಾಗೆ, ಅಲ್ವಾ? ಅಲ್ಲಿ ಮನೆಯ ದಿನ ಯಾವುದು ಅನ್ನುವುದು ಮೊದಲೇ ಗೊತ್ತಿತ್ತು, ಅದನ್ನು ಮರೆಯಬೇಡಿ.

ಈಗ ಹೀಗೆ ಮಾಡಿ. ಯಜಮಾನರ ಶಿಫ್ಟ್ ಪಟ್ಟಿ ಎದುರಿಗಿಟ್ಟುಕೊಂಡು, ನಿಮಗೆ ಅನುಕೂಲವಾದ ಮೂರು ದಿನ ನೀವೇ ಆರಿಸಿ. ಟೀಮ್ ಲೀಡ್ ಜೊತೆ ಎದುರಾಎದುರು ಕೂತು ಮಾತಾಡಿ. ಅಳಬೇಡಿ, ಕ್ಷಮೆ ಕೇಳಬೇಡಿ. ‘ಈ ಮೂರು ದಿನ ನಾನು ತಪ್ಪದೇ ಬರುತ್ತೇನೆ, ಬದಲಾಯಿಸಬೇಕಾದರೆ ಎರಡು ದಿನ ಮುಂಚೆ ತಿಳಿಸಿ, ರಾತ್ರಿ ಸಾಫ್ಟ್‌ವೇರ್ ರಿಲೀಸ್ (ಬಿಡುಗಡೆ) ಇದ್ದ ದಿನ ಬಿಟ್ಟು ಏಳು ಗಂಟೆ ಆದಮೇಲೆ ನಾನು ಸಿಗುವುದಿಲ್ಲ’ ಎಂದು ಹೇಳಿ. ಅವತ್ತೇ ಅದನ್ನು ಮೇಲ್ ಹಾಕಿ, ಎಚ್‌ಆರ್‌ಗೂ ಒಂದು ಕಾಪಿ. ಎರಡು ತಿಂಗಳು ನೋಡಿ. ಆಮೇಲೂ ರಾತ್ರಿ ಒಂಬತ್ತರ ಮೆಸೇಜು ನಿಲ್ಲದಿದ್ದರೆ ಬೇರೆ ಕೆಲಸ ಹುಡುಕೋಣ. ಕೈಯಲ್ಲಿ ಇನ್ನೊಂದು ಕೆಲಸ ಇಲ್ಲದೆ ಇದನ್ನು ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಆ ಅಜ್ಜಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡಿ. ಬೇಡ ಅಂದರೂ ಸೆರಗಿಗೆ ಕಟ್ಟಿ ಬನ್ನಿ. ಆಗ ನಿಮಗೂ ನಾಚಿಕೆ ಇರುವುದಿಲ್ಲ.

ಪ್ರಶ್ನೆ: ಅಮ್ಮಾ, ಎಲ್ಲರೂ ವರ್ಕ್ ಫ್ರಂ ಹೋಮ್ ಅಂತಾರೆ. ನಾನು ನರಸಾಪುರದಲ್ಲಿ ಅಸೆಂಬ್ಲಿ ಲೈನಿನಲ್ಲಿ ನಿಲ್ಲುವವನು. ಮನೆಯಲ್ಲಿ ಕೂತು ಬೋಲ್ಟ್ ಹಾಕೋಕೆ ಆಗುತ್ತಾ? ನಮ್ಮಂಥವರಿಗೆ ಇದೆಲ್ಲ ಇಲ್ವಾ?
(26ರ ಯುವಕ, ಕೋಲಾರ)

ಉತ್ತರ: ಇದೆ ತಮ್ಮಾ. ನಿನಗೆ ಬೇಕಾಗಿರುವುದು ಮನೆಯಿಂದ ಕೆಲಸವಲ್ಲ. ಶಿಫ್ಟ್ ಪಟ್ಟಿ ಮುಂಚೆಯೇ ಕೈಗೆ ಸಿಗುವುದು, ಬೇಕಾದಾಗ ಜೊತೆಗಾರನ ಹತ್ತಿರ ಶಿಫ್ಟ್ ಬದಲಾಯಿಸಿಕೊಳ್ಳುವುದು, ಇವೆರಡು. ನಮ್ಮಲ್ಲಿ ಇದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೆವು. ಇಬ್ಬರೂ ಸಹಿ ಹಾಕಬೇಕು, ಸೂಪರ್‌ವೈಸರ್ ನೋಡಿ ಟಿಕ್ ಹಾಕಬೇಕು, ಅಷ್ಟೇ. ರಾಗಿ ಕೊಯ್ಲಿನ ಕಾಲದಲ್ಲಿ ಆ ಪುಸ್ತಕ ತುಂಬಿಹೋಗುತ್ತಿತ್ತು. ನಿಮ್ಮ ಶ್ರೀನಿವಾಸಪುರದ ಕಡೆಯ ಹುಡುಗರಿಗೆ ಮಾವಿನ ಸುಗ್ಗಿಯಲ್ಲಿ ಬೆಳಗಿನ ಹೊತ್ತು ತೋಟದಲ್ಲಿರಬೇಕು ಅನ್ನಿಸುವುದಿಲ್ಲವೇ? ಅವರು ಸೆಕೆಂಡ್ ಶಿಫ್ಟ್ ತಗೊಂಡು, ಬದಲಿಗೆ ಹಬ್ಬದ ದಿನ ಜೊತೆಗಾರನ ಶಿಫ್ಟ್ ಮಾಡಿಕೊಡಲಿ. ಕಂಪನಿಗೆ ಒಂದು ಪೈಸೆ ನಷ್ಟ ಇಲ್ಲ.

ಕೆಲಸದ ವೇಳೆಯ ನೋಟಿಸನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ಓವರ್‌ಟೈಮಿಗೆ ಎರಡರಷ್ಟು ಕೂಲಿ ಕೊಡಬೇಕು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದೆ. ಆದ್ದರಿಂದ ಪಟ್ಟಿ ಕೇಳುವುದು ಎದುರುತ್ತರ ಕೊಟ್ಟ ಹಾಗಲ್ಲ. ಒಬ್ಬನೇ ಹೋಗಬೇಡ. ಲೈನಿನ ಐದಾರು ಜನ ಸೇರಿ ಕೇಳಿ.

ಪ್ರಶ್ನೆ: ಎರಡು ವರ್ಷದಿಂದ ಪೂರ್ತಿ ಮನೆಯಿಂದಲೇ ಮೆಡಿಕಲ್ ಕೋಡಿಂಗ್ (ಆಸ್ಪತ್ರೆ ದಾಖಲೆಗಳಿಗೆ ಕೋಡ್ ಹಾಕುವ) ಕೆಲಸ. ಅಮ್ಮನ ಕೈ ಊಟ, ನಂದಿ ಬೆಟ್ಟದ ಗಾಳಿ, ಬಾಡಿಗೆ ಉಳಿತಾಯ. ಆದರೂ ಖುಷಿ ಇಲ್ಲ. ಯಾಕೆ?
(24ರ ಯುವಕ, ಚಿಕ್ಕಬಳ್ಳಾಪುರ)

ಉತ್ತರ: ಮಾತಾಡಲು ಜನ ಇಲ್ಲ, ಅದಕ್ಕೆ. ಮೇಲೆ ಹೇಳಿದ ಟ್ರಿಪ್ ಡಾಟ್ ಕಾಮ್ ಕಂಪನಿಯಲ್ಲೇ ಅದಕ್ಕೂ ಹತ್ತು ವರ್ಷ ಮುಂಚೆ ಇನ್ನೊಂದು ಪ್ರಯೋಗ ನಡೆದಿತ್ತು. ಕಾಲ್ ಸೆಂಟರ್‌ನವರು ವಾರಕ್ಕೆ ನಾಲ್ಕು ದಿನ ಮನೆ, ಒಂದು ದಿನ ಆಫೀಸು ಅಂತ ಒಂಬತ್ತು ತಿಂಗಳು ಕೆಲಸ ಮಾಡಿದರು. ಕೆಲಸ ಶೇ. 13ರಷ್ಟು ಜಾಸ್ತಿಯೇ ಆಯಿತು. ಆದರೆ ಮುಗಿದ ಮೇಲೆ ‘ಈಗ ನೀವೇ ಆರಿಸಿಕೊಳ್ಳಿ’ ಅಂದಾಗ ಎಷ್ಟೋ ಜನ ಆಫೀಸಿಗೇ ವಾಪಸ್ ಬಂದರು. ಒಂಟಿತನ ತಡೆಯಲಾಗಲಿಲ್ಲ. ಅವರಿಗೆ ವಾರಕ್ಕೆ ಒಂದು ದಿನವಾದರೂ ಆಫೀಸು ಇತ್ತು. ನಿನಗೆ ಅದೂ ಇಲ್ಲವಲ್ಲಪ್ಪ.

ವಾರಕ್ಕೊಂದು ದಿನ ಬರುತ್ತೇನೆ ಎಂದು ನೀನೇ ಕೇಳು. ಬೇಡ ಅನ್ನುವ ಮ್ಯಾನೇಜರ್ ಇರಲಾರರು. ಯಲಹಂಕದವರೆಗೆ ರೈಲಿದೆ. ಇಯರ್‌ಫೋನ್ ಮನೆಯಲ್ಲೇ ಇಟ್ಟು ಹೋಗು. ಮೊದಲ ದಿನ ಊಟಕ್ಕೆ ಯಾರ ಪಕ್ಕ ಕೂತೆ ಅಂತ ನನಗೆ ಬರಿ.